ದೊಡ್ಡಪ್ಪನ ಒಮೆಗಾ: ಚಿನ್ನದ ತೂಕಕ್ಕೆ ಕೊಡೋದೋ, ವಾಚಿನ ಬೆಲೆಗೆ ಕೊಡೋದೋ?

ಕಾಪು ಲೈಟ್‌ಹೌಸ್

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಉಂಟು, ಬೇಜಾರು ಮಾಡ್ಕೊಳ್ಳಬೇಡಿ.

ನಮ್ಮ ದೊಡ್ಡಪ್ಪ ಬೊಂಬಾಯಿ ಫೋರ್ಟಿನಲ್ಲಿ ಹೋಟೆಲು ನಡೆಸಿದವರು. ಮಕ್ಕಳಿರಲಿಲ್ಲ. ದೊಡ್ಡಮ್ಮನೂ ಹೋದ ಮೇಲೆ ಕಪಾಟಿನಲ್ಲಿದ್ದದ್ದನ್ನು ಅಣ್ಣ, ಅಕ್ಕ, ನಾನು ಹಂಚಿಕೊಳ್ಳಬೇಕಾಯಿತು. ಬಳೆ, ಸರ, ಕರಿಮಣಿ ಎಲ್ಲ ತೂಗಿ ಪಾಲು ಮಾಡಿ ಮುಗಿದಿದೆ. ಉಳಿದದ್ದು ಒಂದು ಒಮೆಗಾ ವಾಚು. ಡಯಲ್ ಮೇಲೆ ‘ಕಾನ್‌ಸ್ಟೆಲೇಶನ್’ ಅಂತ ಇದೆ, ಅದರ ಕೆಳಗೆ ಚಿಕ್ಕ ನಕ್ಷತ್ರ, 3ರ ಜಾಗದಲ್ಲಿ ತಾರೀಕು. ಹಿಂದಿನ ಮುಚ್ಚಳದ ಮೇಲೆ ಗುಮ್ಮಟದ ಕಟ್ಟಡ, ಮೇಲೆ ನಕ್ಷತ್ರಗಳು. ಬೆಲ್ಟು ಯಾವುದೋ ಅಗ್ಗದ್ದು, ಈಚೆಗೆ ಹಾಕಿಸಿದ್ದು. ಬಿಲ್ಲಿಲ್ಲ, ಡಬ್ಬಿಯೂ ಇಲ್ಲ.

ಅಣ್ಣ ಒಂದು ಚಿನ್ನದಂಗಡಿಯಲ್ಲಿ ತೋರಿಸಿದ. ‘ಹಾಲ್‌ಮಾರ್ಕ್ ಇಲ್ಲ. ಮಷೀನು, ಗಾಜು ತೆಗೆದು ಬಂದಷ್ಟು ತೂಕಕ್ಕೆ ಲೆಕ್ಕ ಹಾಕಿ, ಅದರಲ್ಲೂ ಕಳೆದು ಕೊಡ್ತೇವೆ’ ಅಂದರಂತೆ. ಬೆಂಗಳೂರಿನಲ್ಲಿ ಹಳೇ ವಾಚು ಕೊಳ್ಳುವ ಒಬ್ಬರಿಗೆ ಫೋಟೋ ಕಳಿಸಿದೆ. ‘ಡೂಪ್ಲಿಕೇಟ್ ಡಯಲ್, ಚಿನ್ನದ ರೇಟೂ ಹುಟ್ಟೋದಿಲ್ಲ’ ಅಂದರು. ಮರುದಿನ ಅವರೇ ಫೋನ್ ಮಾಡಿ ‘ಕೊನೇ ಮಾತು ಎಷ್ಟು ಹೇಳಿ’ ಅಂತ ಕೇಳಿದರು. ಅಲ್ಲಿಂದ ಸಂಶಯ ಶುರು.

ಅಕ್ಕನಿಗೆ ಮಾರುವ ಮನಸ್ಸಿಲ್ಲ. ಆದರೆ ಅವಳು ಇಟ್ಟುಕೊಂಡರೆ ನಮ್ಮಿಬ್ಬರಿಗೆ ಎಷ್ಟು ಕೊಡಬೇಕು ಅಂತ ಒಂದು ಲೆಕ್ಕ ಬೇಕಲ್ಲ? ಅಸಲಿಯೋ ನಕಲಿಯೋ, ಬೆಲೆ ಎಷ್ಟು, ಯಾರನ್ನು ನಂಬೋದು?

ಹುಬ್ಬಳ್ಳಿ ಗಿರಮಿಟ್

ಮರುದಿನಾನ ಫೋನ್ ಮಾಡ್ಯಾನಂದ್ರ ಮಾಲು ಛಲೋ ಐತಿ ಅಂತನ ಅರ್ಥ ರೀ. ಹಿಂದಿನ ಮುಚ್ಚಳಾ ತಗಿಸಿ ಒಳಗಿನ ಫೋಟೋ ಹಾಕ್ರಿ. ಹೊರಗಿಂದ ನೋಡಿ ಅಸಲಿ ನಕಲಿ ಹೇಳಾವ್ರು ವಾಚಿನವ್ರಲ್ಲ, ಜ್ಯೋತಿಷಿಗಳು.

ಮುಳ್ಳುತಿರುಗ

ಗಿರಮಿಟ್ ಹೇಳಿದ್ದು ಸರಿ. ಆದರೆ ಮುಚ್ಚಳ ತೆಗೆಸುವಾಗ ಜೋಪಾನ. ಚಾಕು ಹಾಕಿ ಎಬ್ಬಿಸುವವರ ಕೈಗೆ ಕೊಡಲೇಬೇಡಿ. ಚಿನ್ನ ಮೆತ್ತಗಿನ ಲೋಹ, ಒಂದು ಸಲ ಜಾರಿದರೆ ಆ ಗೀರು ಹೋಗುವುದಿಲ್ಲ. ಸರಿಯಾದ ಉಪಕರಣ ಇರುವ ವಾಚ್ ರಿಪೇರಿಯವರ ಎದುರು ಕೂತು, ನಿಮ್ಮ ಕಣ್ಣ ಮುಂದೆಯೇ ತೆಗೆಸಿ.

ಕೇಸು, ಅಂದರೆ ವಾಚಿನ ಹೊರಕವಚ, ನಿಜವಾದ ಚಿನ್ನವೇ ಅನ್ನೋದು ಸುಲಭದ ಪ್ರಶ್ನೆ, ಒಂದು ಮಧ್ಯಾಹ್ನದಲ್ಲಿ ಇತ್ಯರ್ಥವಾಗುತ್ತೆ. ಕಷ್ಟದ್ದು ಡಯಲ್. ಹಣ ಏರೋದೂ ಇಳಿಯೋದೂ ಅಲ್ಲೇ. ಜನ ಇದನ್ನು ತಿರುಗಾಮುರುಗಾ ಮಾಡ್ತಾರೆ. ಚಿನ್ನ ಚಿನ್ನ ಅಂತ ಹಿಂದುಗಡೆಯನ್ನೇ ಉಜ್ಜಿ ನೋಡ್ತಾರೆ, ಮುಂದುಗಡೆ ಏನಾಗಿದೆ ಅಂತ ಯಾರೂ ನೋಡಲ್ಲ.

ಮುಚ್ಚಳದ ಒಳಮೈಯಲ್ಲಿ ಏನಿರಬೇಕು ಅಂತ ಹೇಳ್ತೀನಿ. ಸ್ವಿಟ್ಜರ್ಲೆಂಡಿನಲ್ಲಿ 1880ರ ದಶಕದಿಂದ 1995ರವರೆಗೆ 18 ಕ್ಯಾರೆಟ್ ಕೇಸಿಗೆ ಹೆಲ್ವೇಶಿಯಾ ಅನ್ನುವ ಹೆಣ್ಣಿನ ಮುಖದ ಮುದ್ರೆ, 14 ಕ್ಯಾರೆಟ್‌ಗೆ ಅಳಿಲಿನ ಮುದ್ರೆ ಹಾಕ್ತಿದ್ದರು. 1995ರ ಆಗಸ್ಟಿನಿಂದ ಎಲ್ಲಕ್ಕೂ ಸೇಂಟ್ ಬರ್ನಾರ್ಡ್ ನಾಯಿಯ ತಲೆ. ಜೊತೆಗೆ 18ಕೆ ಅಂದರೆ 0.750, 14ಕೆ ಅಂದರೆ 0.585 ಅಂತ ಅಂಕಿ ಇರುತ್ತೆ. ಕೆಲವದರಲ್ಲಿ ಕೀಲಿಕೈ ಚಿತ್ರದೊಳಗೆ ಒಂದು ನಂಬರು ಇರುತ್ತೆ, ಅದು ಜಿನೀವಾದಲ್ಲಿ ಕೇಸು ಮಾಡಿದವನ ಗುರುತು. ಈ ಮುದ್ರೆಗಳು ತೀರ ಸಣ್ಣವು, ಲೂಪ್, ಅಂದರೆ ಕಣ್ಣಿಗೆ ಹಿಡಿಯುವ ಭೂತಗನ್ನಡಿ, ಇಲ್ಲದೆ ಕಾಣಲ್ಲ. ಅಳಿಲಿನ ಬೆನ್ನಿನ ಗೆರೆ, ಹೆಂಗಸಿನ ಮುಖದ ಗೆರೆ ಚೂಪಾಗಿ ಕಾಣಬೇಕು. ಮುಖ ಮೂಗಿಲ್ಲದ ಗುಂಡು ಉಂಡೆಯಾಗಿದ್ದರೆ ಅದನ್ನು ಬೇರೆಲ್ಲೋ ಕೊರೆದದ್ದು.

ಪ್ರಾಣಿ, ಮುಖ ಯಾವುದೂ ಇಲ್ಲದೆ ಬರೀ ‘18ಕೆ’ ಅಂತ ಇದ್ದರೆ ಸಂಶಯಪಡಿ. ಅದರ ಪಕ್ಕ ‘ಜಿಪಿ’ ಇದ್ದರೆ ಲೇಪನ. ‘ಪ್ಲಾಕೆ’, ‘20 ಮೈಕ್ರಾನ್’ ಅಂದರೂ ಲೇಪನ. ‘ಗೋಲ್ಡ್ ಫಿಲ್ಡ್’ ಅಂದರೆ ತಗಡು ಹೊದಿಸಿದ್ದು. ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಅಂತ ಇದ್ದರೆ ಗಟ್ಟಿ ಚಿನ್ನದ ಆಸೆಯನ್ನು ಅಲ್ಲಿಗೇ ಬಿಡಿ. ಕಾನ್‌ಸ್ಟೆಲೇಶನ್‌ನಲ್ಲಿ ಇನ್ನೊಂದು ತಂಟೆ ಇದೆ: ಉಕ್ಕಿನ ಕೇಸಿಗೆ ದಪ್ಪ ಚಿನ್ನದ ಹೊದಿಕೆ ಹಾಕಿದ ‘ಗೋಲ್ಡ್ ಕ್ಯಾಪ್’ ಮಾದರಿಗಳನ್ನು ಕಂಪನಿಯೇ ಬೇಕಾದಷ್ಟು ಮಾಡಿತ್ತು. ಎದುರಿನಿಂದ ನೋಡಿದರೆ ಗಟ್ಟಿ ಚಿನ್ನದ್ದೇ ಅನ್ನಿಸುತ್ತೆ. ಹಿಂದಿನ ಮುಚ್ಚಳ ಮಾತ್ರ ಉಕ್ಕು.

ದೇರಾ ದುಬೈ

ನಿಮ್ಮ ದೊಡ್ಡಪ್ಪನ ಕಾಲದಲ್ಲಿ ಬಿಲ್ಲು ಎಲ್ಲಿಂದ ಬರಬೇಕು ಮಾರಾಯ್ರೆ! ಫಾರಿನ್ ವಾಚು ಅಂದರೆ ಹಡಗಿನವರ ಹತ್ತಿರವೋ ಏಡನ್ನಿಂದ ಬಂದವರ ಹತ್ತಿರವೋ ತೆಗೊಳ್ಳುವುದು. ಬಿಲ್ಲಿಲ್ಲ ಅಂತ ಹೇಳಿ ಯಾರಾದರೂ ರೇಟು ಇಳಿಸಿದರೆ ನಗಾಡಿ ಬಿಡಿ.

ಒರೆಗಲ್ಲು

ನಮ್ಮದು ನಗರ್ತಪೇಟೆ ಕಡೆಯ ಅಕ್ಕಸಾಲಿಗರ ಮನೆ. ಆ ಚಿನ್ನದಂಗಡಿಯವರ ಮಾತು ಅರ್ಧ ಸರಿ, ಅರ್ಧ ವ್ಯಾಪಾರ.

ಹಾಲ್‌ಮಾರ್ಕ್ ಇಲ್ಲ ಅನ್ನೋದು ದೋಷವೇ ಅಲ್ಲ. 2021ರ ಜೂನ್‌ನಿಂದ ಆಭರಣಕ್ಕೆ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಯಿತು, 2023ರ ಏಪ್ರಿಲ್‌ನಿಂದ ಪ್ರತಿ ಒಡವೆಗೆ ಬೇರೆ ಬೇರೆ ಗುರುತಿನ ಸಂಖ್ಯೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಕಡ್ಡಾಯವಾಯಿತು. ಆದರೆ ವಾಚು, ಫೌಂಟನ್ ಪೆನ್ನು, ಕುಂದನ್, ಪೋಲ್ಕಿ, ಜಡಾವುಗಳಿಗೆ ಆ ಕಡ್ಡಾಯದಿಂದ ವಿನಾಯಿತಿ ಇದೆ. ದೊಡ್ಡಪ್ಪನ ಕಾಲದ ಸ್ವಿಸ್ ವಾಚಿನಲ್ಲಿ ನಮ್ಮ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಮುದ್ರೆ ಇದ್ದರೇ ಗಾಬರಿಯಾಗಬೇಕು!

ಪರೀಕ್ಷೆಯ ಬಗ್ಗೆ ಎರಡು ಮಾತು. ಒರೆಗಲ್ಲಿಗೆ ಉಜ್ಜೋಕೆ ಬಿಡಬೇಡಿ. ಬಳೆಗಾದರೆ ಪರವಾಗಿಲ್ಲ, ಮೆರುಗು ಕೊಟ್ಟರೆ ಹೋಯ್ತು. ವಾಚಿನ ಕೇಸಿನ ಅಂಚು ಒಮ್ಮೆ ಸವೆದರೆ ಮತ್ತೆ ಬರೋದಿಲ್ಲ. ಕ್ಯಾರೆಟ್ ಮೀಟರ್ ಅನ್ನೋ ಎಕ್ಸ್‌ರೇ ಯಂತ್ರದಲ್ಲಿ ನೋಡಿಸಿ, ಗೀರು ಬೀಳಲ್ಲ. ಆದರೆ ಆ ಯಂತ್ರ ಮೇಲ್ಮೈಯ ತೆಳು ಪದರವನ್ನಷ್ಟೇ ಓದುತ್ತೆ. ಮುಳ್ಳುತಿರುಗ ಅವರು ಹೇಳಿದ ಹೊದಿಕೆಯ ವಾಚನ್ನು ಮುಂದಿನಿಂದ ಇಟ್ಟರೆ ‘14 ಕ್ಯಾರೆಟ್’ ಅಂತ ರಾಜಾರೋಷವಾಗಿ ತೋರಿಸುತ್ತೆ, ಒಳಗೆ ಕಬ್ಬಿಣ. ಅದಕ್ಕೇ ಮುಚ್ಚಳದ ಒಳಮೈ, ಬೆಲ್ಟಿನ ಕಡ್ಡಿ ಕೂರುವ ಸಂದು, ಕೇಸಿನ ಒಳಗಿನ ಅಂಚು, ಹೀಗೆ ಮೂರು ನಾಲ್ಕು ಕಡೆ ಇಡಿಸಿ.

ಇನ್ನೂ ಅನುಮಾನ ಇದ್ದರೆ ನೀರಿನ ತೂಕ. ಮಷೀನು, ಗಾಜು, ಕೀ (ಪಕ್ಕದಲ್ಲಿ ತಿರುಗಿಸುವ ಗುಂಡಿ) ಎಲ್ಲ ತೆಗೆದ ಖಾಲಿ ಕೇಸನ್ನು ಮೊದಲು ಗಾಳಿಯಲ್ಲಿ, ಆಮೇಲೆ ದಾರಕ್ಕೆ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗೋದು. 18 ಗ್ರಾಂ ತೂಗುವ 18 ಕ್ಯಾರೆಟ್ ಕೇಸು ನೀರಿನಲ್ಲಿ ಹೆಚ್ಚುಕಡಿಮೆ 1.2 ಗ್ರಾಂ ಕಳಕೊಳ್ಳುತ್ತೆ. ಅಷ್ಟೇ ತೂಕದ ಉಕ್ಕು 2.3 ಗ್ರಾಂ ಹತ್ತಿರ ಕಳಕೊಳ್ಳುತ್ತೆ. ಮೇಲೆ ಎಷ್ಟು ಹೊದಿಸಿದ್ದರೂ ಈ ಲೆಕ್ಕಕ್ಕೆ ಸುಳ್ಳು ಹೇಳೋಕಾಗಲ್ಲ.

ಕಾಪು ಲೈಟ್‌ಹೌಸ್

ತುಂಬಾ ಉಪಕಾರ. ಉಡುಪಿಯಲ್ಲಿ ಹಳಬರೊಬ್ಬರು ರಿಪೇರಿಯವರಿದ್ದಾರೆ, ಅವರ ಹತ್ತಿರ ಹೋಗಿ ತೆಗೆಸಿದೆ. ಫೋಟೋಗಳನ್ನು ಹಾಕಿದ್ದೇನೆ.

ಮುಚ್ಚಳದ ಒಳಗೆ ಒಮೆಗಾ ಹೆಸರು, 18ಕೆ, 0.750, ಹೆಂಗಸಿನ ಮುಖ, ಕೆಳಗೆ 168.005 ಅಂತ ನಂಬರು. ಮಷೀನಿನ ಮೇಲೆ 561, 24 ಜ್ಯುವೆಲ್ಸ್, ಇನ್ನೊಂದು ಕಡೆ 20ರಿಂದ ಶುರುವಾಗುವ ಎಂಟಂಕಿ. ಕೊನೆಯ ಅಂಕಿಗಳನ್ನು ಬೇಕೆಂದೇ ಮುಚ್ಚಿದ್ದೇನೆ. ಮಷೀನಿನ ಬಣ್ಣ ತಾಮ್ರದಂತೆ ಕೆಂಪು, ಅದು ತುಕ್ಕೋ ಏನೋ ಗೊತ್ತಾಗಲಿಲ್ಲ. ಡಯಲ್‌ನ ಹತ್ತಿರದ ಫೋಟೋ ನಾಲ್ಕನೆಯದು.

ಹುಬ್ಬಳ್ಳಿ ಗಿರಮಿಟ್

ಏ ಮಸ್ತ್ ರೀ! ಅಣ್ಣಾವ್ರಿಗೆ ಹೇಳ್ರಿ, ಕರಗಸಾಕ ಹೋಗಬ್ಯಾಡ್ರಿ ಅಂತ.

ಮುಳ್ಳುತಿರುಗ

ತುಕ್ಕಲ್ಲ. ಆ ಕಾಲದ ಒಮೆಗಾ ಮಷೀನಿನ ಬಣ್ಣವೇ ಅದು. ಬೆಳ್ಳಗೆ ಹೊಳೆಯುತ್ತಿದ್ದರೆ ನನಗೆ ಅನುಮಾನ ಬರ್ತಿತ್ತು.

ಒಂದಕ್ಕೊಂದು ತಾಳೆಯಾಗುತ್ತಾ ನೋಡೋಣ. ಕಾನ್‌ಸ್ಟೆಲೇಶನ್ ಶುರುವಾದದ್ದು 1952ರಲ್ಲಿ. ಮೊದಲಿನವು ಬಂಪರ್ ಮಷೀನು, ತೂಕದ ತುಂಡು ಎರಡೂ ಕಡೆ ಡಿಕ್ಕಿ ಹೊಡೆದು ವಾಪಸ್ ಬರೋದು. ಪೂರ್ತಿ ಸುತ್ತುವ ರೋಟರು ಆಮೇಲೆ ಬಂತು. 168.005 ಅನ್ನೋ ಮೂರು-ಮೂರಂಕಿಯ ಬರಹ 60ರ ದಶಕದ ಆರಂಭದ ಪದ್ಧತಿ. 561 ತಾರೀಕು ಇರುವ ಕ್ರೋನೋಮೀಟರ್ ಮಷೀನು, ಅಂದರೆ ನಿಖರತೆ ಪರೀಕ್ಷೆ ಪಾಸಾದದ್ದು; ಅದರಲ್ಲಿ 24 ಜ್ಯುವೆಲ್‌ಗಳೇ (ಚಕ್ರ ಸವೆಯದಂತೆ ಕೂರಿಸುವ ಹರಳು) ಇರಬೇಕು. ನಿಮ್ಮ ಡಯಲ್‌ನಲ್ಲಿ ತಾರೀಕಿನ ಕಿಟಕಿ ಇದೆ. 20ರಿಂದ ಶುರುವಾಗುವ ಎಂಟಂಕಿ ಅಂದರೆ ಸುಮಾರು 1963. ಕೇಸು, ಮಷೀನು, ಕಾಲ ಮೂರೂ ಒಂದೇ ಕಥೆ ಹೇಳ್ತಿವೆ. ಬೇರೆ ಬೇರೆ ವಾಚಿನ ತುಂಡು ಜೋಡಿಸಿದ್ದಲ್ಲ. ಮುಚ್ಚಳದ ಮೇಲಿನ ವೀಕ್ಷಣಾಲಯ, ಎಂಟು ನಕ್ಷತ್ರ ಕೂಡ ಇನ್ನೂ ಎದ್ದು ನಿಂತಿವೆ. ಪಾಲಿಶ್ ಮಾಡಿ ಮಾಡಿ ಗುಮ್ಮಟವನ್ನು ದೋಸೆಕಲ್ಲಿನ ಹಾಗೆ ಚಪ್ಪಟೆ ಮಾಡಿದ್ದನ್ನು ಬೇಕಾದಷ್ಟು ನೋಡಿದ್ದೀನಿ. ನಿಮ್ಮದು ಪುಣ್ಯಕ್ಕೆ ಉಳಿದಿದೆ.

ಈಗ ನಾಲ್ಕನೇ ಚಿತ್ರಕ್ಕೆ ಬನ್ನಿ. ಆ ಬೆಂಗಳೂರಿನವರು ಡಯಲ್ ಬಗ್ಗೆ ಹೇಳಿದ್ದು ಸುಳ್ಳಲ್ಲ. ‘ಡೂಪ್ಲಿಕೇಟ್’ ಅಂದದ್ದು ತಪ್ಪು, ಡಯಲ್ ಒಮೆಗಾದ್ದೇ. ಆದರೆ ಅದಕ್ಕೆ ಮತ್ತೆ ಬಣ್ಣ ಹೊಡೆದಿದ್ದಾರೆ. ಚಿತ್ರ ದೊಡ್ಡದು ಮಾಡಿ ನೋಡಿ. ಈ ಡಯಲ್‌ನ ಅಂಚು ಕಡುಬಿನ ತಟ್ಟೆಯಂತೆ ಇಳಿಜಾರು, ಆ ಇಳಿಜಾರಿನಲ್ಲಿ 12 ಮುಖಗಳು. ಒಂದು ಮುಖ ಮುಗಿದು ಇನ್ನೊಂದು ಶುರುವಾಗುವ ಗೆರೆ ಚೂರಿಯ ಬಾಯಿಯಂತೆ ಹರಿತವಾಗಿರಬೇಕು. ನಿಮ್ಮದರಲ್ಲಿ ಆ ಗೆರೆಗಳು ಮಸುಕು. ಮೇಲೆ ಬಣ್ಣದ ಪದರ ಕೂತಿದೆ. 4 ಗಂಟೆಯ ಗುರುತಿನ ಕಡ್ಡಿಯ ಬುಡದಲ್ಲಿ ಬಣ್ಣ ಮಡುಗಟ್ಟಿದೆ, ಅಂದರೆ ಕಡ್ಡಿ ಕೀಳದೆಯೇ ಸುತ್ತ ಬಳಿದದ್ದು. ‘ಅಫಿಶಿಯಲಿ ಸರ್ಟಿಫೈಡ್’ ಸಾಲಿನ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿವೆ. 6ರ ಕೆಳಗೆ ‘ಸ್ವಿಸ್ ಮೇಡ್’ ಇರಬೇಕಿತ್ತು, ಅದೇ ಮಾಯ. ಕೀ ಕೂಡ ಬದಲಾಗಿದೆ, ಅಸಲಿ ಕೀಗೆ ಹತ್ತು ಮುಖ ಇರುತ್ತೆ, ನಿಮ್ಮದು ಗುಂಡಗೆ ಹಲ್ಲುಹಲ್ಲಾಗಿದೆ.

ದುಃಖಪಡಬೇಡಿ. ಬೊಂಬಾಯಿಯಲ್ಲಿ ಆ ಕಾಲಕ್ಕೆ ಡಯಲ್ ಕಪ್ಪಾದರೆ ಬಣ್ಣ ಹೊಡೆಸೋದು, ಪಾತ್ರೆಗೆ ಕಲಾಯಿ ಹಾಕಿಸಿದಷ್ಟೇ ಮಾಮೂಲಿ.

ಜಾಲಹಳ್ಳಿ ನಿವೃತ್ತ

ನಾನು ಎಚ್‌ಎಂಟಿಯಲ್ಲಿ ಡಯಲ್ ಕೆಲಸ ನೋಡಿದವನು. ಮುಳ್ಳುತಿರುಗ ಅವರ ಕಣ್ಣು ಚುರುಕು. ಅವರು ಹೇಳಿದ್ದಕ್ಕೆ ಕಾರಣ ಸೇರಿಸುತ್ತೇನೆ.

ಕಾರ್ಖಾನೆಯಲ್ಲಿ ಅಕ್ಷರವನ್ನು ಉಕ್ಕಿನ ಫಲಕದಲ್ಲಿ ಕೊರೆದು, ಆ ಕುಳಿಯಲ್ಲಿ ಇಂಕು ತುಂಬಿ, ಮೆತ್ತಗಿನ ಪ್ಯಾಡಿನಿಂದ ಎತ್ತಿ ಡಯಲ್ ಮೇಲೆ ಒತ್ತುತ್ತಾರೆ. ಒಂದೊಂದು ಬಣ್ಣಕ್ಕೆ, ಒಂದೊಂದು ಸಾಲಿಗೆ ಬೇರೆ ಒತ್ತು. ಹಾಗಾಗಿ ಅಕ್ಷರ ಒಂದು ಕೂದಲಿನಷ್ಟು ಉಬ್ಬಿ ನಿಲ್ಲುತ್ತದೆ, ಅಂಚು ಹರಿತ. ಬೆಳಕಿಗೆ ಓರೆ ಹಿಡಿದರೆ ನೆರಳು ಕಾಣುತ್ತದೆ. ರಿಪೇರಿ ಅಂಗಡಿಯಲ್ಲಿ ಬಣ್ಣ ಹೊಡೆಯುವವನ ಹತ್ತಿರ ಆ ಮೂಲ ಫಲಕ ಇರುವುದಿಲ್ಲ. ಹಳೆ ಬಣ್ಣ ಕೆರೆದು, ಸ್ಪ್ರೇ ಹೊಡೆದು, ತಾನೇ ಮಾಡಿಕೊಂಡ ಅಚ್ಚಿನಿಂದ ಒತ್ತುತ್ತಾನೆ. ದೊಡ್ಡ ಅಕ್ಷರ ಹೇಗೋ ಬರುತ್ತದೆ. ಸಣ್ಣವು ಅಂಟುತ್ತವೆ, ಇಲ್ಲವೇ ಅವನು ಬಿಟ್ಟೇಬಿಡುತ್ತಾನೆ. ‘ಸ್ವಿಸ್ ಮೇಡ್’ ಕಾಣೆಯಾಗುವುದು ಹೀಗೆ. ಸಾಲು ಎಷ್ಟು ಸಣ್ಣದೋ ಅಷ್ಟು ಸತ್ಯ ಹೇಳುತ್ತದೆ.

ನಮ್ಮ ಎಚ್‌ಎಂಟಿಗೂ ಇದೇ ಗತಿ. ಪೈಲಟ್, ಜನತಾ ವಾಚುಗಳಿಗೆ ನಾವೆಂದೂ ಹೊಡೆಯದ ಬಣ್ಣ ಬಳಿದು ಅಂತರ್ಜಾಲದಲ್ಲಿ ಹೊರದೇಶದವರಿಗೆ ಮಾರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅಂದಹಾಗೆ, ಮದುವೆಗೆ ಅಳಿಯನಿಗೆ ಕೊಡುತ್ತಿದ್ದ ಕಾಂಚನ್ ವಾಚನ್ನು ಅನೇಕರು ಚಿನ್ನ ಅಂದುಕೊಂಡು ಬೀರುವಿನಲ್ಲಿ ಇಟ್ಟಿದ್ದಾರೆ. ಅದು ಚಿನ್ನದ ಲೇಪನ ಮಾತ್ರ. ಕರಗಿಸಲು ಹೋಗಬೇಡಿ, ಏನೂ ಸಿಗುವುದಿಲ್ಲ.

ದೇರಾ ದುಬೈ

ಹಾಗಾದರೆ ಇನ್ನೊಂದು ಸಲ ಒಳ್ಳೆಯವರ ಹತ್ತಿರ ಡಯಲ್ ಮಾಡಿಸುವುದಲ್ವಾ? ಯುರೋಪಿನಲ್ಲಿ ಚಂದ ಮಾಡಿಕೊಡ್ತಾರೆ. ಹೊಸದರ ಹಾಗೆ ಕಾಣ್ತದೆ. ಕೀ ಬದಲಿಸಿ, ಕೇಸಿಗೆ ಪಾಲಿಶ್ ಕೊಟ್ಟರೆ ರೇಟು ಡಬ್ಬಲ್.

ಮುಳ್ಳುತಿರುಗ

ದಯವಿಟ್ಟು ಬೇಡ. ಪಾಲಿಶ್ ಅಂತೂ ಬೇಡವೇ ಬೇಡ.

ಕೀ ಹುಡುಕಿ ಹಾಕಿಸಿ, ಅದು ನ್ಯಾಯ. ಡಯಲ್‌ಗೆ ಇನ್ನೊಂದು ಸಲ ಬಣ್ಣ ಹೊಡೆಸಿದರೆ ಕೊಳ್ಳುವವನ ಕಣ್ಣಿಗೆ ಅದು ಇನ್ನೂ ಬಣ್ಣ ಹೊಡೆಸಿದ ಡಯಲ್ಲೇ. ನೀವು ಕೊಟ್ಟ ಹಣ ಬೆಲೆಯಲ್ಲಿ ವಾಪಸ್ ಬರಲ್ಲ. ಮನೆಯಲ್ಲಿ ಕಟ್ಟಿಕೊಳ್ಳೋಕೆ ಚಂದ ಬೇಕು ಅಂದರೆ ಅದು ಬೇರೆ ಮಾತು. ಅಸಲಿ ಹಳೇ ಡಯಲ್ ಬೇರೆ ಸಿಕ್ಕಿದರೆ ಹಾಕಿಸಬಹುದು, ಆದರೆ ಮಾರುವಾಗ ಬದಲಿಸಿದ್ದು ಅಂತ ಹೇಳಬೇಕು. ಹೇಳದೆ ಮಾರೋದು ಮೋಸ.

ಪಾಲಿಶ್ ವಿಷಯ: ಈ ಕೇಸಿನಲ್ಲಿ ಬೆಲ್ಟು ಸಿಕ್ಕಿಸುವ ಕಾಲುಗಳ ಮೇಲೆ ಓರೆಯಾಗಿ ಕಡಿದ ಮುಖಗಳಿವೆ. ಉಜ್ಜುವ ಚಕ್ರಕ್ಕೆ ಹಿಡಿದ ಕೂಡಲೇ ಆ ಅಂಚುಗಳು ಗುಂಡಾಗುತ್ತವೆ. ಜೊತೆಗೆ ಚಿನ್ನವೂ ಹೋಗುತ್ತೆ. ಒರೆಗಲ್ಲು ಅವರನ್ನು ಕೇಳಿ, ಪಾಲಿಶ್ ಮಾಡುವ ಜಾಗದ ಧೂಳನ್ನು ಯಾಕೆ ಗುಡಿಸಿ ಜೋಪಾನ ಮಾಡ್ತಾರೆ ಅಂತ.

ಒಂದು ಆಸೆ ಮಾತ್ರ ಉಳಿದಿದೆ. ಚಿನ್ನದ ಕಾನ್‌ಸ್ಟೆಲೇಶನ್‌ಗಳಲ್ಲಿ ಕೆಲವಕ್ಕೆ ಡಯಲ್ಲೂ ಗಟ್ಟಿ ಚಿನ್ನದ್ದೇ. ಅಂಥವಕ್ಕೆ 6ರ ಕೆಳಗೆ ‘ಓಎಂ’ ಅಂತ ಎರಡಕ್ಷರ ಇರುತ್ತೆ, ಫ್ರೆಂಚಿನಲ್ಲಿ ಗಟ್ಟಿ ಚಿನ್ನ ಅಂತ. ನಿಮ್ಮದರಲ್ಲಿ ಇತ್ತೋ, ಬಣ್ಣದ ಕೆಳಗೆ ಹೋಯಿತೋ, ಈಗ ಮೇಲಿನಿಂದ ಗೊತ್ತಾಗಲ್ಲ. ಮುಂದೆ ಸರ್ವಿಸ್ ಮಾಡಿಸುವಾಗ ಡಯಲ್ ಹೇಗೂ ಕಳಚುತ್ತಾರೆ, ಹಿಂಬದಿ ನೋಡಿಸಿ.

ಒರೆಗಲ್ಲು

ಆ ಧೂಳಿನ ಗುಟ್ಟು ಸಭೆಯಲ್ಲಿ ಬಿಚ್ಚಬೇಡಿ ಸ್ವಾಮಿ 😄

1963 ಅಂದಿರಲ್ಲ, ಅದಕ್ಕೊಂದು ಮಾತು. ಆ ವರ್ಷ ಜನವರಿಯಲ್ಲೇ ಮೊರಾರ್ಜಿ ದೇಸಾಯಿಯವರು ಚಿನ್ನ ನಿಯಂತ್ರಣ ನಿಯಮ ತಂದದ್ದು. 14 ಕ್ಯಾರೆಟ್ ಮೀರಿದ ಒಡವೆ ಮಾಡುವ ಹಾಗಿಲ್ಲ ಅಂತ. ನಮ್ಮ ಮನೆಗಳಲ್ಲಿ ಕುಲುಮೆ ಆರಿದ ಕಾಲ ಅದು, ನಮ್ಮ ತಾತ ಸಾಯೋವರೆಗೂ ಆ ಹೆಸರು ಕೇಳಿದರೆ ಎದ್ದು ಹೋಗ್ತಿದ್ದರು. 1968ರಲ್ಲಿ ಕಾಯ್ದೆಯೇ ಬಂತು, 1990ರಲ್ಲಿ ರದ್ದಾಯಿತು. ಇಲ್ಲಿ ನಾವು ಮಾಂಗಲ್ಯವನ್ನೂ 14ರಲ್ಲಿ ಮಾಡಬೇಕಿದ್ದ ಕಾಲಕ್ಕೆ 18 ಕ್ಯಾರೆಟ್ ಸ್ವಿಸ್ ವಾಚು ಬೊಂಬಾಯಿಯಲ್ಲಿ ಒಬ್ಬರ ಕೈಗೆ ಬಂದಿದೆ ಅಂದರೆ, ದುಬೈ ಅಣ್ಣ ಹೇಳಿದ ಹಡಗಿನ ದಾರಿಯೇ ಇರಬಹುದು ಅನ್ನೋದು ನನ್ನ ಊಹೆ. ಬಿಲ್ಲು ಹುಡುಕಿ ಸುಸ್ತಾಗಬೇಡಿ.

ಹುಬ್ಬಳ್ಳಿ ಗಿರಮಿಟ್

ಬಿಲ್ ಇಲ್ಲದಿದ್ರ ಏನಾತು, ಒಮೆಗಾದವ್ರು ತಮ್ಮ ದಫ್ತರ ನೋಡಿ ಕಾಗದ ಕೊಡ್ತಿದ್ರಂತಲ್ಲ? ನಂಬರ್ ಕಳಿಸಿದ್ರ ಯಾವ ದೇಶಕ್ಕ ಹೋಗಿತ್ತು ಅಂತ ಬರದು ಕೊಡ್ತಿದ್ರಂತ. ಅದ ಇದ್ದ ಮ್ಯಾಲೆ ಅಸಲಿ ಅಂತ ಸಾಬೀತಾತಲ್ಲ.

ಮುಳ್ಳುತಿರುಗ

ಆ ಕಾಗದ ಮೇಲು, ಆದರೆ ಅದು ಹುಟ್ಟಿದ ದಾಖಲೆ ಮಾತ್ರ. ಇಂಥ ನಂಬರಿನ ಮಷೀನು ಇಂಥ ಮಾದರಿಯಲ್ಲಿ ಇಂಥ ದಿನ ಹೊರಬಿತ್ತು ಅಂತ ಹೇಳುತ್ತೆ. ಈಗ ಕೈಯಲ್ಲಿರುವ ಡಯಲ್, ಕೀ, ಮುಳ್ಳು ಅವೇನಾ ಅಂತ ಹೇಳಲ್ಲ.

ಕಾಗದದ ಮೇಲೆ ಪೂರ್ತಿ ಭಾರ ಹಾಕಿದರೆ ಏನಾಗುತ್ತೆ ಅನ್ನೋದಕ್ಕೆ ಒಮೆಗಾದ್ದೇ ಕಥೆ ಇದೆ. 2021ರ ನವೆಂಬರಿನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ ಒಂದು ಹಳೇ ಸ್ಪೀಡ್‌ಮಾಸ್ಟರ್, 2915-1 ಮಾದರಿ, 31 ಲಕ್ಷ ಸ್ವಿಸ್ ಫ್ರಾಂಕ್‌ಗಿಂತ ಹೆಚ್ಚಿಗೆ ಹೋಯಿತು. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ಮ್ಯೂಸಿಯಮ್ಮಿಗೆ. 2023ರಲ್ಲಿ ಗೊತ್ತಾಯಿತು, ಅದು ಬೇರೆ ಬೇರೆ ವಾಚುಗಳ ಭಾಗ ಸೇರಿಸಿ ಕಟ್ಟಿದ್ದು ಅಂತ. ತನ್ನ ಮಾಜಿ ನೌಕರರೇ ಅದರಲ್ಲಿ ಭಾಗಿಗಳು ಅಂತ ಕಂಪನಿಯೇ ಹೇಳಿತು. ಮಾಡಿದ ಕಂಪನಿಯೇ ತಾನು ಮಾಡಿದ ವಾಚಿಗೆ ಮೋಸಹೋಗಬಹುದು ಅಂದಮೇಲೆ ನಾವು ನೀವು ಯಾವ ಲೆಕ್ಕ? ಅದು ಉಕ್ಕಿನ ವಾಚು ಬೇರೆ! ಲೋಹಕ್ಕಲ್ಲ ಆ ಹಣ ಕೊಟ್ಟದ್ದು.

ಕಾಪು ಲೈಟ್‌ಹೌಸ್

ಅಬ್ಬಾ. ಸರಿ, ನಮ್ಮದು ಮ್ಯೂಸಿಯಮ್ಮಿಗೆ ಹೋಗೋದಲ್ಲ. ಖಾಲಿ ಕೇಸು ತೂಗಿಸಿದೆ, ಮುಚ್ಚಳ ಸೇರಿ ಸುಮಾರು 18 ಗ್ರಾಂ. ಕ್ಯಾರೆಟ್ ಮೀಟರಿನಲ್ಲಿ ಒಳಗೂ ಹೊರಗೂ 75 ಹತ್ತಿರವೇ ತೋರಿಸಿತು. ಸರ್ವಿಸಿಗೆ ಬಿಚ್ಚಿದಾಗ ಡಯಲ್ ಹಿಂಬದಿಯೂ ನೋಡಿಸಿದೆ. ಹಿತ್ತಾಳೆ.

ಈಗ ಬೆಲೆ ಹೇಳಿ. ಅಣ್ಣ ನೆಟ್ಟಿನಲ್ಲಿ ಹುಡುಕಿ, ಇದೇ ಮಾದರಿಗೆ ಯಾರೋ ಹಾಕಿರುವ ದೊಡ್ಡ ಮೊತ್ತ ತೋರಿಸಿ ‘ನನ್ನ ಪಾಲು ಇದರಲ್ಲಿ ಮೂರನೇ ಒಂದು’ ಅಂತಿದ್ದಾನೆ. ಹೋದ ವಾರ ಕರಗಿಸೋಣ ಅಂದವನೇ ಇವನು.

ಒರೆಗಲ್ಲು

ಚಿನ್ನದ ಲೆಕ್ಕ ನಾನು ಹೇಳ್ತೀನಿ. 18 ಗ್ರಾಂನಲ್ಲಿ ಮುಕ್ಕಾಲು ಭಾಗ, ಅಂದರೆ 13.5 ಗ್ರಾಂ ಅಪರಂಜಿ. ಅದನ್ನು ಆ ದಿನದ 24 ಕ್ಯಾರೆಟ್ ದರದಿಂದ ಗುಣಿಸಿ. 22ರ ದರ ಹಿಡಿದು 18 ಗ್ರಾಂಗೆ ಗುಣಿಸೋದು ತಪ್ಪು, ಅಂಗಡಿಯವರು 18ರ ದರ ಹೇಳಿ ಮತ್ತೆ ಮುಕ್ಕಾಲು ಮಾಡೋದೂ ತಪ್ಪು. ಎರಡನ್ನೂ ನೋಡಿದ್ದೀನಿ. ಕರಗಿಸುವ ಖರ್ಚು ಅಂತ ಸ್ವಲ್ಪ ಕಳೆಯೋದು ವಾಡಿಕೆ. ‘ಹಾಲ್‌ಮಾರ್ಕ್ ಇಲ್ಲ’ ಅಂತ ಬೇರೆ ಕಳೆದರೆ ಮುಂದಿನ ಅಂಗಡಿಗೆ ಹೋಗಿ. ಇದು ನೆಲ. ಇದಕ್ಕಿಂತ ಕೆಳಗೆ ಯಾರಿಗೂ ಕೊಡಬೇಡಿ.

ಮುಳ್ಳುತಿರುಗ

ನೆಲದ ಮೇಲೆ ಎಷ್ಟು ಅನ್ನೋದಕ್ಕೆ ಅಣ್ಣ ನೋಡಿದ ಮೊತ್ತ ಬೇಡ. ಅದು ಕೇಳಿದ ಬೆಲೆ, ಯಾರೂ ಕೊಟ್ಟದ್ದಲ್ಲ. ಇಬೇಯಲ್ಲಿ ಮಾರಾಟವಾದದ್ದನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ಒತ್ತಿ ನೋಡಲಿ. ಹರಾಜಿನ ಫಲಿತಾಂಶ ನೋಡುವುದಾದರೆ ಪ್ರಕಟಿಸಿದ ಮೊತ್ತದಲ್ಲಿ ಕೊಳ್ಳುವವನ ಕಮಿಷನ್ನೂ ಸೇರಿರುತ್ತೆ, ಸುತ್ತಿಗೆ ಬಿದ್ದ ಬೆಲೆಯ ಕಾಲು ಭಾಗದಷ್ಟು. ಮಾರಿದವನ ಕೈಗೆ ಅದು ಬರಲ್ಲ, ಅವನ ಕಡೆಯಿಂದ ಇನ್ನೊಂದು ಕಮಿಷನ್ ಬೇರೆ ಕಳೀತಾರೆ.

ಹೋಲಿಸುವಾಗ 168.005, ಗಟ್ಟಿ 18 ಕ್ಯಾರೆಟ್, ಬಣ್ಣ ಹೊಡೆಸಿದ ಡಯಲ್, ಈ ಮೂರೂ ಇರುವುದನ್ನೇ ಹುಡುಕಬೇಕು. ಉಕ್ಕಿನದ್ದೂ ಹೊದಿಕೆಯದ್ದೂ ಅದೇ ನಂಬರಿನಲ್ಲಿ ಇವೆ. ಅಸಲಿ ಡಯಲ್ ಇದ್ದದ್ದರ ಬೆಲೆ ಬೇರೆಯೇ ಮಟ್ಟ. ಚಿನ್ನದ ದರ ಈಗ ಏರಿರುವ ರೀತಿಯಲ್ಲಿ, ಬಣ್ಣ ಹೊಡೆಸಿದ ಡಯಲ್‌ನ ಇಂಥ ವಾಚಿಗೆ ಚಿನ್ನದ ಬೆಲೆಯೂ ವಾಚಿನ ಬೆಲೆಯೂ ಹತ್ತಿರ ಹತ್ತಿರ ಬಂದಿವೆ. ನನ್ನ ಅಂದಾಜು ಕೇಳಿದರೆ ನೆಲದ ಮೇಲೆ ಕಾಲು ಭಾಗ ಸೇರಿಸಿ, ಅಷ್ಟೇ. ಅದಕ್ಕಿಂತ ಹೆಚ್ಚು ಕೊಡುವ ಗಿರಾಕಿ ಸಿಕ್ಕರೆ ಅದು ಯೋಗ.

ಹಾಗಂತ ಕರಗಿಸಬೇಡಿ. 1980ರಲ್ಲಿ ಚಿನ್ನ ಔನ್ಸಿಗೆ 850 ಡಾಲರು ಮುಟ್ಟಿದಾಗಿಂದ ಎಷ್ಟೋ ಒಳ್ಳೆಯ ಕೇಸುಗಳು ಹೀಗೇ ಕುಲುಮೆಗೆ ಹೋಗಿವೆ. ಆ ಅನಾಥ ಮಷೀನುಗಳಿಗೆ ಇಲ್ಲಿ ಮಾಡಿದ ಲೇಪನದ ಕೇಸು ತೊಡಿಸಿ ‘ಗೋಲ್ಡ್ ಒಮೆಗಾ’ ಅಂತ ಈಗಲೂ ಮಾರ್ತಾರೆ. ನಿಮ್ಮ ಮಷೀನು ಆ ಗುಂಪಿಗೆ ಸೇರೋದು ಬೇಡ.

ಹುಬ್ಬಳ್ಳಿ ಗಿರಮಿಟ್

ಅಕ್ಕಾರಿಗೆ ನೆಲದ ರೇಟಿಗೇ ಕೊಡ್ರೀ. ಅವರು ಮಾರಾವ್ರಲ್ಲ, ಮ್ಯಾಲಿನ ಕಾಲು ಭಾಗ ಅವರ ಕೈಗೆ ಯಾವಾಗೂ ಬರಂಗಿಲ್ಲ. ಬರದ ರೊಕ್ಕದಾಗ ಪಾಲು ಕೇಳೂದು ಯಾವ ನ್ಯಾಯ?

ದೇರಾ ದುಬೈ

ನಾಳೆ ಅಕ್ಕನ ಮಕ್ಕಳು ಮಾರಿದರೆ? ಒಂದು ಕಾಗದದಲ್ಲಿ ಬರೆದಿಡಿ ಮಾರಾಯ್ರೆ, ಮಾರಿದರೆ ಹೆಚ್ಚಿಗೆ ಬಂದದ್ದು ಮೂವರಿಗೂ ಅಂತ. ನಮ್ಮ ಕಡೆ ಜಾಗದ ವಿಷಯದಲ್ಲಿ ಹೀಗೆ ಬರೆಯದೆ ಎಂತೆಂತ ಕೋರ್ಟು ಕಚೇರಿ ಆಗಿದೆ ಅಂತ ನಿಮಗೇ ಗೊತ್ತುಂಟಲ್ಲ.

ಕಾಪು ಲೈಟ್‌ಹೌಸ್

ನೆಲದ ಬೆಲೆಗೇ ಆಯಿತು. ಕಾಗದದ ಮಾತು ಅಕ್ಕನೇ ಎತ್ತಿದಳು, ಅಣ್ಣ ಬರೆದ. ಪಾಲಿಶ್ ಮಾಡಿಸಬೇಡ ಅಂತ ಭಾವನಿಗೆ ಎರಡೆರಡು ಸಲ ಹೇಳಿದ್ದೇನೆ. ಹತ್ತು ಮುಖದ ಕೀ ಯಾರ ಹತ್ತಿರವಾದರೂ ಇದ್ದರೆ ಮೆಸೇಜು ಮಾಡಿ.

ಮೈಸೂರುಪಾಕ್ 88

ಇದೇ ಜಾಗದಲ್ಲಿ ಕೇಳಬಹುದಾ? ನಮ್ಮಜ್ಜಿಯ ಪುಟಾಣಿ ವಾಚು ಇದೆ, ಕಡಲೆಬೇಳೆಗಿಂತ ಸ್ವಲ್ಪ ದೊಡ್ಡ ಡಯಲ್, ಚಿನ್ನದ ಪಟ್ಟಿ ಸೇರಿಕೊಂಡೇ ಇದೆ. ಹೆಸರು ಕೇಳಿರದ ಸ್ವಿಸ್ ಕಂಪನಿ. ಓಡಲ್ಲ. ರಿಪೇರಿ ಮಾಡಿಸಿ ಮಾರಿದರೆ ಹೆಚ್ಚು ಬರುತ್ತಾ?

ಮುಳ್ಳುತಿರುಗ

ಬೆಲೆಗೋಸ್ಕರ ರಿಪೇರಿ ಮಾಡಿಸಬೇಡಿ. ಆ ಅಳತೆಯ ಹೆಂಗಸರ ವಾಚುಗಳನ್ನು ಸಂಗ್ರಹಿಸುವವರು ಕಡಿಮೆ, ದೊಡ್ಡ ಹೆಸರಿಲ್ಲದಿದ್ದರೆ ಬಹುಪಾಲು ಬೆಲೆ ಪಟ್ಟಿಯ ಚಿನ್ನದಲ್ಲೇ ಇರುತ್ತೆ. ಮಷೀನು ಅಷ್ಟು ಸಣ್ಣದಾದ್ದರಿಂದ ಬಿಚ್ಚೋಕೆ ಒಪ್ಪುವವರೂ ಕಮ್ಮಿ. ನೀವೇ ಕಟ್ಟಿಕೊಳ್ಳುವುದಾದರೆ ಮಾಡಿಸಿ, ಸಂತೋಷ.

ಒರೆಗಲ್ಲು

ಪಟ್ಟಿಯನ್ನೂ ಕೇಸನ್ನೂ ಬೇರೆ ಬೇರೆ ಪರೀಕ್ಷೆ ಮಾಡಿಸಿ. ಕೇಸು 18 ಇದ್ದು ಪಟ್ಟಿ 9 ಇರೋದು ಸಾಮಾನ್ಯ, ಇಂಗ್ಲೆಂಡಿನಲ್ಲಿ ಪಟ್ಟಿ ಹಾಕಿಸಿದ್ದಾದರೆ 375 ಅಂಕಿ ಇರುತ್ತೆ, ಬರ್ಮಿಂಗ್‌ಹ್ಯಾಮ್‌ನದ್ದಾದರೆ ಲಂಗರಿನ ಮುದ್ರೆ. ಪಟ್ಟಿಯೊಳಗೆ ಸ್ಪ್ರಿಂಗು ಇದ್ದರೆ ಅದು ಉಕ್ಕು, ತೂಕದಿಂದ ಕಳೆಯಲೇಬೇಕು. ಕೊಕ್ಕೆಯ ಪಕ್ಕದ ಮುದ್ರೆಯ ಫೋಟೋ ಹಾಕಿ, ಸ್ವಲ್ಪ ಓರೆ ಬೆಳಕಿನಲ್ಲಿ ತೆಗೆಯಿರಿ. ಫ್ಲ್ಯಾಶ್ ಹಾಕಿದರೆ ಏನೂ ಕಾಣಲ್ಲ.